ಕಾಕಾನ ಮಗ ಮತ್ತು ಹನ್ನೆರಡು ಅಯಾನುಗಳು

ಹತ್ತನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಹನ್ನೆರಡು ಅಯಾನುಗಳ ಒಂದು ಸಾಲು ಬರುತ್ತದೆ. ಮೇಲ್ಗಡೆ ಪೊಟ್ಯಾಶಿಯಂ, ಕೆಳಗಡೆ ಬೆಳ್ಳಿ, ನಡುವೆ ಉಳಿದ ಹತ್ತು. ಮೇಲಿರುವುದು ಚುರುಕು, ಕೆಳಗಿರುವುದು ಸೋಮಾರಿ. ದ್ರಾವಣದಲ್ಲಿ ವಿದ್ಯುತ್ ಹರಿಸಿದಾಗ ಕ್ಯಾಥೋಡ್ ಎಂಬ ಋಣಧ್ರುವದ ಮೇಲೆ ಮೊದಲು ಬಂದು ಕೂರುವುದು ಸೋಮಾರಿಯೇ. ಇಷ್ಟು ತಿಳಿದರೆ ಅರ್ಧ ಅಧ್ಯಾಯ ಮುಗಿದಂತೆ. ಆದರೆ ಸಾಲು ಬಾಯಿಗೆ ಬರಬೇಕು, ಅದೂ ಅದೇ ಕ್ರಮದಲ್ಲಿ.

ನನ್ನ ಕಾಕಾನ ಮಗನಿಗೆ ಬರಲಿಲ್ಲ. 2008ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ಎಂಬತ್ತಕ್ಕೆ ಹತ್ತೊಂಬತ್ತು ಬಂತು. ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿದರೆ ಕ್ಯಾಥೋಡಿನಲ್ಲಿ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಅವನು ಸೋಡಿಯಂ ಎಂದು ಬರೆದಿದ್ದ. ಸಿಗುವುದು ಹೈಡ್ರೋಜನ್. ನೀರಿನೊಳಗೆ ಸೋಡಿಯಂ ಲೋಹ ಹುಟ್ಟಿದರೆ ಅಲ್ಲೇ ಉರಿದು ಸಿಡಿಯುತ್ತದೆ. ಅವರ ಟೀಚರ್ ಉತ್ತರದ ಪಕ್ಕದಲ್ಲಿ ಕೆಂಪು ಶಾಯಿಯಿಂದ ಒಂದು ಪುಟ್ಟ ಸ್ಫೋಟದ ಚಿತ್ರ ಬಿಡಿಸಿದ್ದರು. ಅವನಿಗೆ ಆ ಚಿತ್ರ ಬಹಳ ಹಿಡಿಸಿ ಕಂಡವರಿಗೆಲ್ಲ ತೋರಿಸುತ್ತಾ ಬಂದ. ಹಾಗೆಯೇ ಅದು ಕಾಕಾನ ಕಣ್ಣಿಗೂ ಬಿತ್ತು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಕಾಮೋಠೆಯಲ್ಲಿ ಮನೆ, ಮಹಾಪೆಯಲ್ಲಿ ಆಫೀಸು. ಅವರು ಸಿಟ್ಟು ಮಾಡುವುದಿಲ್ಲ, ತೀರ್ಮಾನ ಮಾಡುತ್ತಾರೆ. ಆ ಸಲದ ತೀರ್ಮಾನ ಹೀಗಿತ್ತು: ಬೋರ್ಡ್ ಪರೀಕ್ಷೆಗೆ ಮುಂಚೆ ಶಾಲೆ ನಡೆಸುವ ಜನವರಿಯ ಪ್ರಿಲಿಮ್ ಪರೀಕ್ಷೆಯಲ್ಲಿ ಮಗ ರಸಾಯನಶಾಸ್ತ್ರದಲ್ಲಿ ಪಾಸಾಗದಿದ್ದರೆ ಈ ವರ್ಷ ಬೋರ್ಡ್ ಪರೀಕ್ಷೆ ಬೇಡ. ಹುಬ್ಬಳ್ಳಿಗೆ ಹೋಗಿ, ಅಜ್ಜನ ಹತ್ತಿರ ಒಂದು ವರ್ಷ ಕೂತು, ಮತ್ತೆ ಹತ್ತನೆಯ ತರಗತಿ ಓದಲಿ.

ಅಜ್ಜ ನಿವೃತ್ತ ಗಣಿತ ಮಾಸ್ತರರು. ದೊಡ್ಡಪ್ಪನ ತುಂಬಿದ ಮನೆಯಲ್ಲಿದ್ದರು. ಓಣಿಯ ಹುಡುಗರನ್ನೆಲ್ಲ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಪಾಠ ಹೇಳುತ್ತಿದ್ದರು. ಓಣಿಯ ಹುಡುಗರು ಮುಗಿದಿದ್ದರಿಂದ ಪಕ್ಕದ ಓಣಿಗೂ ಹೋಗುತ್ತಿದ್ದರು. ಕಾಕಾನ ಮಗ ಕಾಮೋಠೆಯಲ್ಲಿ ಬೆಳೆದವನು, ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಹಿಂದಿನ ಬೇಸಿಗೆಯಲ್ಲಿ ಅಜ್ಜ ಅವನ ಕೈಯಲ್ಲಿ ಕನ್ನಡ ಪತ್ರಿಕೆ ಕೊಟ್ಟು ಜೋರಾಗಿ ಓದಿಸಿದ್ದರು. 'ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಿರೋಧ ಆಯ್ಕೆ' ಎಂಬ ತಲೆಬರಹ ದಾಟುವಷ್ಟರಲ್ಲಿ ಅವನ ಉಪ್ಪಿಟ್ಟು ಆರಿಹೋಗಿತ್ತು.

"ಏಕ್ ಸಾಲ್!" ಎಂದು ಅವನು ನನ್ನ ಮುಂದೆ ತಲೆಯ ಮೇಲೆ ಕೈಹೊತ್ತ. "ಏಕ್ ಸಾಲ್ ಪೂರಾ ಪಂಚಾಯಿತಿ! ಮೈ ಮರ್ ಜಾವೂಂಗಾ."

ಹೀಗೆ ಡಿಸೆಂಬರ್ ರಜೆಗೆ ಅವನನ್ನು ಡೊಂಬಿವಲಿಯ ನಮ್ಮ ಮನೆಗೆ ಕಳಿಸಿದರು. ಇಬ್ಬರೂ ಒಂದೇ ತರಗತಿ, ಒಂದೇ ಬೋರ್ಡು, ಬೇರೆ ಬೇರೆ ಶಾಲೆ. ನಾನು ಅವನಿಗಿಂತ ನಾಲ್ಕು ತಿಂಗಳು ದೊಡ್ಡವಳು ಮತ್ತು ಟೈಮ್‌ಟೇಬಲ್ ಹಾಕಿಕೊಂಡು ಓದುವವಳು. ಈ ಎರಡು ಅರ್ಹತೆಗಳ ಮೇಲೆ ಅವನ ರಸಾಯನಶಾಸ್ತ್ರ ನನ್ನ ಪಾಲಿಗೆ ಬಂತು. ಕಾಕು, ಅಂದರೆ ಅವನ ಅಮ್ಮ, ಮಾನಸರೋವರ ಸ್ಟೇಷನ್ನಿನಿಂದ ಎರಡು ಸಲ ಗಾಡಿ ಬದಲಿಸಿ ಅವನನ್ನು ತಂದು ಬಿಟ್ಟರು. ಪ್ರತಿ ಶನಿವಾರ ಬಂದು ಭಾನುವಾರ ಇದ್ದು ಹೋಗುತ್ತೇನೆ ಎಂದರು. ಅವನ ಕೈಯಲ್ಲಿ ಪುಸ್ತಕದ ಚೀಲ ಒಂದು, ಬ್ಯಾಟು ಎರಡು.

ಮೊದಲ ದಿನ ಅವನು ಕಲಿತ ಅಯಾನು ಒಂದು, ಪೊಟ್ಯಾಶಿಯಂ. ಎರಡನೆಯ ದಿನ ಅದನ್ನೂ ಮರೆತ. ಸಂಜೆ ಗಾಳಿ ತಿರುಗಿ ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ಎಂದಿನ ಹುಳಿವಾಸನೆ ಬಂದಾಗ ಕಿಟಕಿ ತೋರಿಸಿ, "ದೇಖ್, ಇಲ್ಲಿ ಕೆಮಿಸ್ಟ್ರಿ ತಾನೇ ಮನೆಗೆ ಬರ್ತದೆ. ನನ್ನ ಒಳಗೆ ಮಾತ್ರ ಹೋಗಲ್ಲ," ಎಂದ. ಅವನ ಮಟ್ಟಿಗೆ ಅದು ದೊಡ್ಡ ಕನ್ನಡ ವಾಕ್ಯ. ನಾನು ದಿನಚರಿಯಲ್ಲಿ ಬರೆದಿಟ್ಟೆ.

ಮೂರನೆಯ ದಿನ ನನಗೊಂದು ಉಪಾಯ ಹೊಳೆಯಿತು. ಅವನಿಗೆ ಲೋಕಲ್ ಟ್ರೇನಿನ ಸ್ಟೇಷನ್ನುಗಳೆಲ್ಲ ಬಾಯಿಗೆ ಬರುತ್ತಿದ್ದವು. ಕಲ್ಯಾಣದಿಂದ ಹಿಡಿದು ಠಾಕುರ್ಲಿ, ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ ಎಂದು ಉಸಿರು ಬಿಡದೆ ಹೇಳುತ್ತಿದ್ದ. ಒಂದೊಂದು ಸ್ಟೇಷನ್ನಿಗೆ ಒಂದೊಂದು ಅಯಾನನ್ನು ಇಳಿಸಿದೆವು. ಕಲ್ಯಾಣದಲ್ಲಿ ಪೊಟ್ಯಾಶಿಯಂ, ಠಾಕುರ್ಲಿಯಲ್ಲಿ ಕ್ಯಾಲ್ಸಿಯಂ, ಡೊಂಬಿವಲಿಯಲ್ಲಿ ಸೋಡಿಯಂ. ಚೆನ್ನಾಗಿಯೇ ನಡೆಯಿತು. ಆಮೇಲೆ ಪರೀಕ್ಷೆ ಮಾಡಲು ಕೇಳಿದರೆ ಪೊಟ್ಯಾಶಿಯಂ, ಸೋಡಿಯಂ ಹೇಳಿ ಒಂದೇ ನೆಗೆತಕ್ಕೆ ಠಾಣೆಯ ಸೀಸಕ್ಕೆ ಹೋದ.

"ನಡುವಿನದೆಲ್ಲ ಎಲ್ಲೋ?"

"ಫಾಸ್ಟ್ ಟ್ರೇನ್ ಹೈ," ಎಂದ. "ಅಲ್ಯೂಮಿನಿಯಂಗೆ ನಿಲ್ಲಲ್ಲ."

ಕೊನೆಗೆ ದಾರಿ ತೋರಿಸಿದವನು ಅವನೇ. ಹನ್ನೆರಡು ಚಿಹ್ನೆಗಳನ್ನು ಒಂದರ ಪಕ್ಕ ಒಂದು ಬರೆದು ಅವನ ಮುಂದಿಟ್ಟು ನಾನು ನೀರು ಕುಡಿಯಲು ಹೋಗಿದ್ದೆ. ಬಂದು ನೋಡಿದರೆ ಅವನು ಮೊದಲ ನಾಲ್ಕನ್ನು ಒಟ್ಟಿಗೆ ಸೇರಿಸಿ ಓದುತ್ತಿದ್ದ. K, Ca, Na, Mg.

"ಕ... ಕಾ... ನ... ಮಗ. ಕಾಕಾನ ಮಗ!" ಎಂದು ಕುರ್ಚಿಯಿಂದ ಎದ್ದೇಬಿಟ್ಟ. "ಅರೇ, ಯೇ ತೋ ಮೈ ಹೀ ಹೂಂ! ಇದು ನಾನೇ!"

ಅದು ನಿಜವಾಗಿಯೂ ಅವನೇ. ಅಷ್ಟು ಸಿಕ್ಕಿದ ಮೇಲೆ ಉಳಿದದ್ದು ತಾನಾಗಿ ಬಂತು. Al ಎಂದರೆ ಅಲ್ಲೇ. Zn ಸತು, ಅದು ಜೂನ್. Fe ಕಬ್ಬಿಣ, ಅದಕ್ಕೆ ಫೇಲ್ ಎಂಬ ಪದ ಅವನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. Pb ಸೀಸ, ಅದು ಪಬ್ಲಿಕ್. H ಹಾ. Cu ಕ್ಯೂ. Hg, Ag ಎರಡೂ ಸೇರಿದರೆ ಹೀಗಾಗ. ಅರ್ಧ ಗಂಟೆಯಲ್ಲಿ ವಾಕ್ಯ ಕೂತಿತು:

'ಕಾಕಾನ ಮಗ ಅಲ್ಲೇ ಜೂನಿಗೆ ಫೇಲ್! ಪಬ್ಲಿಕ್ ಹಾ! ಕ್ಯೂ! ಹೀಗಾಗಬಾರದು!'

ಮಗ ಜೂನಿನಲ್ಲಿ ಫೇಲಾಗುತ್ತಾನೆ, ನೋಡಲು ಜನ ಹಾ ಎನ್ನುತ್ತ ಸಾಲು ನಿಲ್ಲುತ್ತಾರೆ, ಹೀಗೆ ಆಗಬಾರದಿತ್ತು. ನಮ್ಮ ಬೋರ್ಡಿನ ಫಲಿತಾಂಶ ಬರುವುದು ಮೇ ತಿಂಗಳಲ್ಲಿ ಎಂದು ನಾನು ನೆನಪಿಸಿದೆ. ಆದರೆ ಸತುವಿಗೆ ಮೇ ಹೊಂದುವುದಿಲ್ಲ, ಜೂನೇ ಆಗಬೇಕು. ಮೊದಲು 'ಹಾ ಅಂತ ಕ್ಯೂ' ಎಂದು ಮಾಡಿದ್ದೆವು, ಅವನು "ಅಂತ ಕೌನ್‌ಸಾ ಮೆಟಲ್?" ಎಂದು ಕೇಳಿದ್ದರಿಂದ 'ಅಂತ' ಕಿತ್ತೆವು. ಕೊನೆಯಲ್ಲಿ 'ಬಾರದು' ಉಳಿಯಿತು. 'ಬಾ' ಎಂದರೆ Ba, ಅದು ಬೇರಿಯಮ್ಮಾ ಎಂದು ಕೇಳಿದ.

"ಬೇರಿಯಂ ಅಲ್ಲ. ಬಾರದು ಅಂದ್ರೆ ಬರೀಬಾರದು," ಎಂದೆ. "ಬೆಳ್ಳಿ ಆದ ಮೇಲೆ ಪೆನ್ನು ಕೆಳಗಿಡು."

ಅಮ್ಮನಿಗೆ ಮಾತ್ರ ವಾಕ್ಯ ರುಚಿಸಲಿಲ್ಲ. ಅಮ್ಮ ಮೈಸೂರಿನವರು, ಅಪ್ಪನ ಮನೆಯ ಕಾಕಾ, ಕಾಕುಗಳಿಗೆ ಹದಿನೆಂಟು ವರ್ಷವಾದರೂ ಪೂರ್ತಿ ಒಗ್ಗಿರಲಿಲ್ಲ.

"ಕಾಕಾ ಏನೇ ಕಾಕಾ, ಕಾಗೆ ಕೂಗಿದ ಹಾಗೆ! ಚಿಕ್ಕಪ್ಪನ ಮಗ ಅಂತ ಹೇಳ್ಕೊಡಬಾರದಾ?"

"ಚಿ ಅಂತ ಲೋಹ ಇಲ್ಲಮ್ಮ," ಎಂದೆ.

ಸೋಫಾದಲ್ಲಿದ್ದ ಅಪ್ಪ ಪೇಪರ್ ಇಳಿಸಿ, "ನೋಡಿದ್ಯಾ? ಸೈನ್ಸ್ ಕೂಡ ಹುಬ್ಬಳ್ಳಿ ಕಡೆ ಅದ," ಎಂದು ಮತ್ತೆ ಪೇಪರ್ ಏರಿಸಿದರು.

ಆ ವಾರ ಅವನು ಸಾಲನ್ನು ಎಲ್ಲೆಂದರಲ್ಲಿ ಹೇಳಿದ. ಸ್ನಾನದ ಮನೆಯಲ್ಲಿ ಹೇಳಿದ, ವಡಾಪಾವ್ ಕಟ್ಟಿಸಿಕೊಳ್ಳುವಾಗ ಹೇಳಿದ, ಬ್ಯಾಟು ಬೀಸುವಾಗ ಹೇಳಿದ. ನಾನು ಲೆಕ್ಕ ಇಟ್ಟಿದ್ದೆ. ಶುಕ್ರವಾರದ ಹೊತ್ತಿಗೆ ಇಪ್ಪತ್ತು ಸಲ ಕೇಳಿದರೆ ಇಪ್ಪತ್ತೂ ಸರಿ.

ಶನಿವಾರ ಕಾಕು ಬಂದರು. ಸಂಜೆ ದೀಪ ಹಚ್ಚುವ ಹೊತ್ತು. ಚಪ್ಪಲಿ ಬಿಡುತ್ತಿದ್ದಾಗಲೇ ಒಳಗಿನಿಂದ ಮಗನ ದನಿ ಮಂತ್ರದ ಹಾಗೆ ಕೇಳಿಸಿತು: "ಕಾಕಾನ ಮಗ ಅಲ್ಲೇ ಜೂನಿಗೆ ಫೇಲ್!"

ಕಾಕು ತಂದಿದ್ದ ಡಬ್ಬಿಯ ಚಕ್ಕುಲಿಗಳು ಬಾಗಿಲಲ್ಲೇ ಉರುಳಿದವು.

"ಏನಂದ್ಯೋ? ದೀಪ ಹಚ್ಚೋ ಹೊತ್ತಿಗೆ ಏನಂದಿ ನೀನು?"

"ಮಮ್ಮಿ, ಕೆಮಿಸ್ಟ್ರಿ ಹೈ. ಸುನೋ ನಾ—"

"ಬಾಯಿ ಮುಚ್ಚು! ಈ ಹೊತ್ತಿನಾಗ ಅಸ್ತು ದೇವತೆಗಳು ಮನಿ ಮ್ಯಾಲೆ ಓಡಾಡ್ತಿರ್ತಾರ. ಏನಂದ್ರ ಅದಕ್ಕ ಅಸ್ತು ಅಂದುಬಿಡ್ತಾರ. ಎಷ್ಟು ಸಲ ಅಂದಿ?"

ಅವನು ನನ್ನ ಕಡೆ ನೋಡಿದ. ಲೆಕ್ಕ ನನ್ನ ಹತ್ತಿರವಿತ್ತು. ನಾನು ದಿನಚರಿ ಮುಚ್ಚಿದೆ.

ಕಾಕುವಿನ ಬೇಡಿಕೆ ಸರಳವಾಗಿತ್ತು. ಫೇಲ್ ತೆಗೆದು ಪಾಸ್ ಹಾಕಬೇಕು. ಕಾಕಾನ ಮಗ ಅಲ್ಲೇ ಜೂನಿಗೆ ಪಾಸ್. ಕೇಳಲಿಕ್ಕೂ ಛಂದ.

"ಕಾಕು, ಫೇ ಅಂದ್ರೆ ಕಬ್ಬಿಣ," ಎಂದು ನಾನು ಪುಸ್ತಕ ತೋರಿಸಿದೆ. "ಪಾಸ್ ಅಂದ್ರೆ ಕಬ್ಬಿಣ ಹೋಗಿಬಿಡ್ತದೆ. ಹನ್ನೆರಡರಲ್ಲಿ ಹನ್ನೊಂದೇ ಉಳೀತಾವೆ."

"ಕಬ್ಬಿಣ ಹೋದ್ರ ಹೋಗ್ಲಿ, ನನ್ನ ಹುಡುಗ ಉಳೀಲಿ!"

ಅಮ್ಮ ಚಕ್ಕುಲಿ ಆರಿಸುತ್ತ ನಡುವೆ ಬಂದರು. "ಫೇಮಸ್ ಅಂತ ಮಾಡಿದ್ರೆ? ಜೂನಿಗೆ ಫೇಮಸ್. ಕಬ್ಬಿಣಾನೂ ಇರುತ್ತೆ, ಪೇಪರಲ್ಲಿ ಫೋಟೋ ಬಂದ ಹಾಗೂ ಆಗುತ್ತೆ."

ನನಗೆ ಇದು ಅಚ್ಚುಕಟ್ಟಾದ ಪರಿಹಾರವೆನಿಸಿತು. ಕಾಕು ತಲೆಯಲ್ಲಾಡಿಸಿದರು.

"ಬ್ಯಾಡ ವೈನಿ. ಫೇ ಅಂದ ಕೂಡಲೇ ಅವರು ಅಸ್ತು ಅಂದ್ರ ಏನ್ ಮಾಡೋದು? ಮುಂದಿನದು ಕೇಳ್ಕೋತ ನಿಂದರ್ತಾರೇನು? ಅವರಿಗೂ ನಾಕು ಮನಿ ತಿರಗೋದಿರ್ತದ."

ಅಸ್ತು ದೇವತೆಗಳು ಅಷ್ಟು ಅವಸರದಲ್ಲಿರುತ್ತಾರೆ ಎಂದು ನಮಗಾರಿಗೂ ಗೊತ್ತಿರಲಿಲ್ಲ. ಮಾತು ಅಲ್ಲಿಗೆ ಮುಗಿಯಿತು. ಅಂದಿನಿಂದ ಮನೆಯಲ್ಲಿ ಎರಡು ಸಾಲುಗಳಾದವು. ಸೋಮವಾರದಿಂದ ಶುಕ್ರವಾರದ ತನಕ ಫೇಲ್, ಶನಿವಾರ ಭಾನುವಾರ ಪಾಸ್. ಹುಡುಗ ಶನಿವಾರ ಕಾಲಿಂಗ್ ಬೆಲ್ ಆದ ಕೂಡಲೇ ಪಾಸ್‌ಗೆ ಬದಲಾಯಿಸುತ್ತಿದ್ದ. ಒಂದು ಸಲ ಹಾಲಿನವನು ಬೆಲ್ ಮಾಡಿದ್ದಕ್ಕೂ ಪಾಸಾದ. ನನ್ನ ಭಯ ಬೇರೆ ಇತ್ತು. ಅವನ ಪ್ರಿಲಿಮ್ ಕೆಮಿಸ್ಟ್ರಿ ಪೇಪರ್ ಬೀಳುತ್ತಿದ್ದದ್ದು ಕಾಮೋಠೆಗೆ ಹೋದ ಮೇಲೆ, ಅಂದರೆ ವಾರದ ಏಳೂ ದಿನ ಪಾಸ್ ಹೇಳಿಸುವ ಮನೆಯಲ್ಲಿ.

ಜನವರಿ ಮೊದಲ ವಾರ ಅವನು ಕಾಮೋಠೆಗೆ ಹೊರಟ. ಹೊರಡುವಾಗ ಬಾಗಿಲಲ್ಲಿ ನಿಂತು, "ಪಕ್ಕಾ ಹುಬ್ಬಳ್ಳಿ ಹೋಗಲ್ಲ ನಾ ನಾನು?" ಎಂದು ಕೇಳಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. "ಕಬ್ಬಿಣ ಬಿಡಬೇಡ," ಎಂದಷ್ಟೇ ಹೇಳಿದೆ.

ಪರೀಕ್ಷೆಯ ದಿನ ಸಂಜೆ ಫೋನ್ ಮಾಡಿದ. ಬೆಳಿಗ್ಗೆ ಕಾಕು ಅವನಿಗೆ ಮೊಸರು ಸಕ್ಕರೆ ತಿನ್ನಿಸಿ, ದೇವರ ಮುಂದೆ ನಿಲ್ಲಿಸಿ, ಪಾಸ್ ಸಾಲನ್ನು ಐದು ಸಲ ಹೇಳಿಸಿ ಕಳಿಸಿದ್ದರಂತೆ. ಹಾಲ್‌ನಲ್ಲಿ ಐದು ಅಂಕದ ಪ್ರಶ್ನೆ ಬಂದಿತ್ತು. ಒಂದು ದ್ರಾವಣದಲ್ಲಿ ಸತು, ಕಬ್ಬಿಣ, ಸೀಸ, ತಾಮ್ರದ ಅಯಾನುಗಳಿವೆ, ಕ್ಯಾಥೋಡಿನಲ್ಲಿ ಯಾವ ಕ್ರಮದಲ್ಲಿ ಬರುತ್ತವೆ, ಕಾರಣ ಕೊಡಿ.

"ಮೈನೇ ಬೋಲಾ, ಕಾಕಾನ ಮಗ ಅಲ್ಲೇ ಜೂನಿಗೆ ಪಾಸ್," ಎಂದ. "ಜೂನ್ ಮಿಲಾ, ಪಬ್ಲಿಕ್ ಮಿಲಾ, ಕ್ಯೂ ಮಿಲಾ. ಕಬ್ಬಿಣ ಇಲ್ವೇ ಇಲ್ಲ! ಪೂರಾ ಬ್ಲ್ಯಾಂಕ್."

"ಆಮೇಲೆ?"

"ಫಿರ್ ಮಮ್ಮೀ ಯಾದ್ ಆಯೀ. ಕಬ್ಬಿಣ ಹೋದ್ರ ಹೋಗ್ಲಿ! ಎಲ್ಲಿಂದ ಹೋಯ್ತು? ಮಮ್ಮೀ ಎಲ್ಲಿ ಪಾಸ್ ಹಾಕಿದ್ಲು, ವಹೀಂ ಸೇ! ಅಲ್ಲೇ ಬರೆದೆ."

ತಾಮ್ರ, ಸೀಸ, ಕಬ್ಬಿಣ, ಸತು. ಸರಿಯಾಗಿತ್ತು.

ಉತ್ತರಪತ್ರಿಕೆ ಕೊಟ್ಟಾಗ ಅವನಿಗೆ ಎಂಬತ್ತಕ್ಕೆ ಮೂವತ್ತೊಂದು. ಅವರ ಶಾಲೆಯಲ್ಲಿ ಪಾಸಾಗಲು ಇಪ್ಪತ್ತೆಂಟು ಬೇಕು. ಆ ಐದು ಅಂಕ ಇಲ್ಲದಿದ್ದರೆ ಹುಬ್ಬಳ್ಳಿ. ಕಾಕು ತಮ್ಮ ಪಾಸ್ ಫಲಿಸಿತೆಂದು ಸತ್ಯನಾರಾಯಣ ಪೂಜೆಗೆ ಭಟ್ಟರಿಗೆ ಹೇಳಿದರು. ಹುಡುಗ ನಮ್ಮ ಫೇಲ್ ಫಲಿಸಿತೆಂದು ನನಗೆ ಗುಟ್ಟಾಗಿ ಚಾಕೊಲೇಟ್ ಕಳಿಸಿದ. ಕಾಕಾ ಮೂವತ್ತೊಂದನ್ನು ಬಹಳ ಹೊತ್ತು ನೋಡಿ, "ಸರಿ, ಬೋರ್ಡ್‌ಗೆ ಕೂಡ್ಲಿ," ಎಂದು ಹೊಸ ತೀರ್ಮಾನ ಕೊಟ್ಟರು.

ಎಲ್ಲವೂ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹುಡುಗನಿಗೆ ಖುಷಿ ತಡೆಯಲಿಲ್ಲ. ಕಾಕಾನ ಮೊಬೈಲು ತೆಗೆದುಕೊಂಡು, ಯಾರಿಗೂ ಹೇಳದೆ, ತಾನಾಗಿ ಅಜ್ಜನಿಗೆ ಫೋನ್ ಮಾಡಿದ. ಹಾಗೆ ಮಾಡಿದ್ದು ಜೀವನದಲ್ಲಿ ಅದೇ ಮೊದಲು.

"ಏನಪಾ, ಪರೀಕ್ಷಿ ಏನಾತು?" ಎಂದು ಅಜ್ಜ ಕೇಳಿದ್ದಾರೆ. "ಕನ್ನಡದಾಗ ಹೇಳು."

ಅವನ ಹತ್ತಿರ ಆಗ ತಡವರಿಸದೆ ಹೇಳಬಲ್ಲ ಕನ್ನಡ ವಾಕ್ಯ ಒಂದೇ ಒಂದಿತ್ತು. ತನ್ನನ್ನು ಪಾಸು ಮಾಡಿಸಿದ ವಾಕ್ಯ ಅದು, ಅಜ್ಜನಿಗೂ ಕೇಳಿಸಿ ಬೆರಗು ಮಾಡೋಣ ಎಂದುಕೊಂಡ. ಒಂದೇ ಉಸಿರಿನಲ್ಲಿ, ದನಿ ಏರಿಸಿ, ಹೇಳಿಯೇಬಿಟ್ಟ.

"ಕಾಕಾನ ಮಗ ಅಲ್ಲೇ ಜೂನಿಗೆ ಫೇಲ್! ಪಬ್ಲಿಕ್ ಹಾ! ಕ್ಯೂ! ಹೀಗಾಗಬಾರದು!"

ಅಲ್ಲಿಗೆ ಕರೆನ್ಸಿ ಮುಗಿದು ಫೋನ್ ಕಟ್ಟಾಯಿತು. ಅಜ್ಜ ಸುಮ್ಮನಾದದ್ದು ಬೆರಗಿನಿಂದ ಎಂದು ಅವನು ತಿಳಿದುಕೊಂಡ.

ಮರುದಿನ ಬೆಳಿಗ್ಗೆಯೇ ಕಾಕಾ ಸುದ್ದಿ ಹೇಳಲು ಹುಬ್ಬಳ್ಳಿಗೆ ಫೋನ್ ಮಾಡಿದಾಗ ದೊಡ್ಡಮ್ಮ ಎತ್ತಿದರು. "ಮಾವನವರು ನಿನ್ನೆ ರಾತ್ರಿನೇ ಗಾಡಿ ಹತ್ಯಾರಲ್ಲಪಾ. ಹುಡುಗ ಫೇಲ್ ಆಗ್ಯಾನಂತ, ಮಂದಿ ನೋಡ್ಲಿಕ್ಕೆ ಸಾಲು ಹಚ್ಚ್ಯಾರಂತ. ಕರ್ಕೊಂಡು ಬರ್ತೀನಿ ಅಂತ ಹೋದ್ರು."

ಅಜ್ಜನ ಹತ್ತಿರ ಮೊಬೈಲು ಇರಲಿಲ್ಲ. ಕಾಕಾ ನಮಗೆ ತಿಳಿಸಿದ ಕೂಡಲೇ ಅಪ್ಪನೂ ನಾನೂ ಕಲ್ಯಾಣ ಸ್ಟೇಷನ್ನಿಗೆ ಓಡಿದೆವು. ಗಾಡಿ ಬಂದು ನಿಂತಿತು. ಅಜ್ಜ ಕೋಟು, ಟೋಪಿ ಹಾಕಿಕೊಂಡು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ದೊಡ್ಡ ಟ್ರಂಕು ಹಿಡಿದು ಇಳಿದರು. ಟ್ರಂಕು ಗಾಳಿಗೆ ಅಲ್ಲಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ಹುಡುಗನ ಪುಸ್ತಕಗಳಿಗಾಗಿ ತಂದದ್ದು.

"ಎಲ್ಲ್ಯದಾನ ಅಂವಾ?"

"ಅಪ್ಪಾ, ಅಂವಾ ಪಾಸಾಗ್ಯಾನ," ಎಂದರು ಅಪ್ಪ.

"ಸುಳ್ಳು ಹೇಳಬ್ಯಾಡ. ಅವನ ಬಾಯಿಂದನ ಕೇಳೀನಿ. ಮುಚ್ಚಿಡೂ ಮಾತಲ್ಲ ಇದು."

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ನಾನು ಅಜ್ಜನಿಗೆ ಹನ್ನೆರಡು ಅಯಾನುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಪೊಟ್ಯಾಶಿಯಂನಿಂದ ಬೆಳ್ಳಿಯ ತನಕ. ಅಜ್ಜ ಕಣ್ಣು ಮುಚ್ಚಿಕೊಂಡು ಕೇಳಿದರು. ನಡುವೆ ಒಂದು ಸಲ, "ಪಬ್ಲಿಕ್ ಅಂದ್ರ ಸೀಸ. ಹೂಂ," ಎಂದರು. ಮುಗಿದ ಮೇಲೆ ಒಂದಷ್ಟು ಹೊತ್ತು ಟ್ರಂಕಿನ ಚಿಲಕ ತೆಗೆದು ಹಾಕಿ ಮಾಡಿದರು.

"ಹಂಗಾರ ಎಷ್ಟು ಬಂದಾವ?"

"ಮೂವತ್ತೊಂದು, ಅಜ್ಜಾ."

"ಎಷ್ಟಕ್ಕ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಗಾಡಿಗಳ ವೇಳೆ ತೋರಿಸುವ ಇಂಡಿಕೇಟರ್ ನೋಡಿದರು.

"ಎಂಬತ್ತಕ್ಕೆ," ಎಂದೆ.

ಅಜ್ಜ ಎದ್ದು ನಿಂತರು. "ನಾ ಬಂದದ್ದು ಛಲೋನ ಆತು," ಎಂದರು.

ಕಾಮೋಠೆಯಲ್ಲಿ ಬಾಗಿಲು ತೆಗೆದವನು ಅವನೇ. ಕೈಯಲ್ಲಿ ಬ್ಯಾಟಿತ್ತು. ಅಜ್ಜನನ್ನೂ ಟ್ರಂಕನ್ನೂ ಕಂಡು ಅದನ್ನು ಬೆನ್ನ ಹಿಂದೆ ಸರಿಸಿದ. "ಲೇಕಿನ್ ಮೈ ಪಾಸ್ ಹೋ ಗಯಾ ಅಜ್ಜಾ!" ಎಂದ.

"ಕನ್ನಡದಾಗ ಹೇಳು."

ಅವನು ಉಸಿರೆಳೆದುಕೊಂಡು ಬಾಯಿ ತೆರೆದ. ಅಡುಗೆಮನೆಯಿಂದ ಕಾಕು ಹಿಟ್ಟಿನ ಕೈಯಲ್ಲೇ ಓಡಿಬಂದು ಆ ಬಾಯಿ ಮುಚ್ಚಿದರು. "ಅದೊಂದು ಬ್ಯಾಡೋ! ಬ್ಯಾರೆ ಏನಾರ ಹೇಳು!"

ಗಲ್ಲಕ್ಕೆ ಹಿಟ್ಟು ಮೆತ್ತಿಕೊಂಡು ಅವನು ಬಹಳ ಹೊತ್ತು ಯೋಚಿಸಿದ. ನಾವು ಮೂರು ಜನ ಬಾಗಿಲಲ್ಲೇ ನಿಂತಿದ್ದೆವು. ಆಮೇಲೆ ಒಂದೊಂದೇ ಪದ ಇಟ್ಟು ಹೇಳಿದ.

"ನಾನು... ಪಾಸು... ಆದೆ. ನಾನು ಇಲ್ಲೇ... ಇರ್ತೀನಿ."

"ಇರು," ಎಂದರು ಅಜ್ಜ. "ನಿನ್ನ ಯಾರು ಒಯ್ತಾರ? ನಾನೂ ಇಲ್ಲೇ ಇರ್ತೀನಿ. ಮಾರ್ಚ್ ತನಕ."

ಕೋಟು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಹಾಕಿದರು. ಖಾಲಿ ಟ್ರಂಕನ್ನು ಅವನ ಮಂಚದ ಕೆಳಗೆ ತಳ್ಳಿದರು. ಬ್ಯಾಟು ಇಸಕೊಂಡು ಕಾಕುವಿನ ಕೈಗೆ ಕೊಟ್ಟರು. ನಾಳೆ ಐದಕ್ಕೆ ಎಬ್ಬಿಸುತ್ತೇನೆ, ಇವತ್ತು ಹೊತ್ತಾಗಿದೆ, ಸುಮ್ಮನೆ ಮೊದಲನೆಯ ಪಾಠ ಅಷ್ಟು ನೋಡೋಣ ಎಂದು ಕುರ್ಚಿ ಎಳೆದುಕೊಂಡರು. ಆಗ ಬೆಳಿಗ್ಗೆ ಹನ್ನೊಂದು ಗಂಟೆ.